ಡೆಪ್ಯುಟಿ ಚನ್ನಬಸಪ್ಪನವರು ಮತ್ತು ನಮ್ಮ ಸಾಲಿಯ ಮಾತು

ಹುಕ್ಕೇರಿ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಬೋಧನಾಭ್ಯಾಸಕ್ಕೆ ಹೋದ ಮೊದಲ ವಾರದ ಮಾತು. ಪಾಠಯೋಜನೆಯ ಬೋಧನೋಪಕರಣಗಳ ಅಂಕಣದಲ್ಲಿ ಕಪ್ಪುಹಲಗೆ, ಸೀಮೆಸುಣ್ಣ ಎಂದು ಕ್ರಮವಾಗಿ ಬರೆದುಕೊಂಡಿದ್ದೆ. ತರಗತಿಯಲ್ಲಿ ಸೀಮೆಸುಣ್ಣ ಮುಗಿದಿತ್ತು. ತರಲು ಹೇಳಿದಾಗ ಮುಂದಿನ ಸಾಲಿನ ಹುಡುಗ ಒಂದು ಗಳಿಗೆ ನನ್ನ ಮುಖ ನೋಡಿ, ಖಡು ಬೇಕೇ ಎಂದು ಕೇಳಿ ಖಾತ್ರಿ ಮಾಡಿಕೊಂಡು ಓಡಿದ. ಗೋಕಾಕ ಭಾಗದಲ್ಲೇ ಓದಿದ ನಾನೂ ಚಿಕ್ಕಂದಿನಲ್ಲಿ ಅದನ್ನು ಖಡು ಎಂದೇ ಕರೆದದ್ದು. ಬಿ.ಇಡಿ. ಸೇರಿದ ಮೇಲೆ ಅದು ಸೀಮೆಸುಣ್ಣವಾಗಿತ್ತು.

ಆ ದಿನ ಮಧ್ಯಾಹ್ನ ಬಿಡುವಿನಲ್ಲಿ ಕುಳಿತು ಇಂಥ ಮಾತುಗಳನ್ನು ಪಟ್ಟಿ ಮಾಡಿದೆ. ಖಡು, ಪಾಟಿ, ಇಯತ್ತೆ, ಸೂಟಿ, ಹಜೇರಿ, ಉಜಳಣಿ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಿರಿಯರ ಬಾಯಲ್ಲಿ ಇವೆಲ್ಲ ಇನ್ನೂ ಇವೆ. ಎಲ್ಲವೂ ಮರಾಠಿಯವು, ಇಲ್ಲವೇ ಮರಾಠಿಯ ಮೂಲಕ ಬಂದ ಅರಬ್ಬಿ ಮೂಲದವು. ಒಂದೂವರೆ ಶತಮಾನದಿಂದ ಕನ್ನಡ ಶಾಲೆಗಳೇ ಇರುವ ಊರುಗಳಲ್ಲಿ ಶಾಲೆಯ ಸಾಮಾನುಗಳಿಗೆ ಮರಾಠಿ ಹೆಸರು ಯಾಕೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಒಬ್ಬ ಶಿಕ್ಷಣಾಧಿಕಾರಿಯ ಬದುಕು ಎದುರಾಗುತ್ತದೆ. ಅವರು ಡೆಪ್ಯುಟಿ ಚನ್ನಬಸಪ್ಪ. ನಮ್ಮ ಪಠ್ಯದಲ್ಲಿ ಅವರ ಬಗ್ಗೆ ಬರುವುದು ನಾಲ್ಕು ಸಾಲು ಮಾತ್ರ.

ಅವರ ಪೂರ್ಣ ಹೆಸರು ಚನ್ನಬಸಪ್ಪ ಬಸಲಿಂಗಪ್ಪ ಧಾರವಾಡ. ಹುಟ್ಟಿದ್ದು ಧಾರವಾಡದಲ್ಲಿ, 1830ರ ದಶಕದಲ್ಲಿ. ಹುದ್ದೆಯ ಹೆಸರೇ ಮನುಷ್ಯನ ಹೆಸರಿಗೆ ಅಂಟಿಕೊಂಡು ಉಳಿದ ಉದಾಹರಣೆಗಳು ನಮ್ಮ ಕಡೆ ಬಹಳ ಇವೆ. ದೇಸಾಯಿ, ಕುಲಕರ್ಣಿ, ನಾಡಗೌಡ ಎಲ್ಲವೂ ಹಾಗೆ ಬಂದವು. ಆದರೆ ಇಂಗ್ಲಿಷ್ ಹುದ್ದೆಯೊಂದು ಕನ್ನಡಿಗನ ಹೆಸರಿನ ಮೊದಲ ಪದವಾಗಿ, ಮರಣದ ನಂತರವೂ ಕಳಚದೆ ನಿಂತದ್ದು ಅಪರೂಪ. ಡೆಪ್ಯುಟಿ ಎಂದರೆ ಡೆಪ್ಯುಟಿ ಎಜುಕೇಶನಲ್ ಇನ್ಸ್‌ಪೆಕ್ಟರ್. ಮೇಲಿನ ಇನ್ಸ್‌ಪೆಕ್ಟರ್ ಹುದ್ದೆ ಇಂಗ್ಲಿಷರದು, ಕೆಳಗಿನ ಡೆಪ್ಯುಟಿ ಹುದ್ದೆ ಈ ನಾಡಿನವರದು. ಚನ್ನಬಸಪ್ಪನವರು ಕೆಲಸ ಮಾಡಿದ್ದು ಬೆಳಗಾವಿ ಜಿಲ್ಲೆಯಲ್ಲಿ.

ಅವರು ಹುಟ್ಟುವ ಹೊತ್ತಿಗೆ ಈ ಭಾಗದ ಭಾಷೆಯ ಸ್ಥಿತಿ ಹೇಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅದು ತಿಳಿಯದಿದ್ದರೆ ಅವರು ಮಾಡಿದ ಕೆಲಸ ಬರೀ ಆಡಳಿತದ ಕೆಲಸದಂತೆ ಕಾಣುತ್ತದೆ.

ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡ. ಇದು ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಂದು ಹೆಸರಿಸುವ ನಾಲ್ಕು ಊರುಗಳಲ್ಲಿ ಒಂದಾದ ಒಕ್ಕುಂದ ನಮ್ಮ ಬೆಳಗಾವಿ ಜಿಲ್ಲೆಯದೇ. ಆದರೆ ಕಚೇರಿಯ ಭಾಷೆ ಬೇರೆಯಾಗಿತ್ತು. ಆದಿಲಶಾಹಿ ಕಾಲದಲ್ಲಿ ಫಾರ್ಸಿ ಬಂತು. ಹುಕ್ಕೇರಿಯ ಗುಮ್ಮಟಗಳು ಆ ಕಾಲದ ಗುರುತು. ಕಟ್ಟಡದಷ್ಟೇ ಗಟ್ಟಿಯಾಗಿ ಜಮೀನು, ಜಿಲ್ಲೆ, ತಾಲ್ಲೂಕು, ದಫ್ತರ ಎಂಬ ಮಾತುಗಳು ಉಳಿದಿವೆ. ಪೇಶ್ವೆಯರ ಕಾಲದಲ್ಲಿ ಆ ಜಾಗಕ್ಕೆ ಮರಾಠಿ ಬಂತು. ಲೆಕ್ಕಪತ್ರಗಳೆಲ್ಲ ಮೋಡಿ ಲಿಪಿಯಲ್ಲಿ. ಗೋಕಾಕದ ಒಕ್ಕಲಿಗ ಕನ್ನಡದಲ್ಲಿ ಮಾತಾಡಿ ಹೊಲ ಬರೆದುಕೊಟ್ಟರೆ ಕುಲಕರ್ಣಿ ಅದನ್ನು ಮೋಡಿಯಲ್ಲಿ ಬರೆದುಕೊಳ್ಳುತ್ತಿದ್ದ. ತನ್ನ ಹೊಲದ ಕಾಗದವನ್ನು ತಾನೇ ಓದಲಾರದ ಸ್ಥಿತಿ ಅದು.

1818ರಲ್ಲಿ ಪೇಶ್ವೆಯರ ರಾಜ್ಯ ಇಂಗ್ಲಿಷರ ಪಾಲಾಯಿತು. ಕೃಷ್ಣೆಯ ದಕ್ಷಿಣದ ಈ ನಾಡು ಕನ್ನಡ ನಾಡು, ಇದನ್ನು ಮದರಾಸಿಗೆ ಸೇರಿಸಬೇಕು ಎಂಬುದು ಥಾಮಸ್ ಮನ್ರೋ ಅವರ ಅಭಿಪ್ರಾಯವಾಗಿತ್ತು. ಹಾಗಾಗಲಿಲ್ಲ; ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿ ಸರಕಾರದ ಕಡತಗಳಲ್ಲಿ ಇದರ ಹೆಸರು ದಕ್ಷಿಣ ಮರಾಠಾ ದೇಶ. ಹೆಸರು ಹಾಗಿದ್ದ ಮೇಲೆ ಇಲ್ಲಿಯ ಮಕ್ಕಳ ಭಾಷೆಯೂ ಮರಾಠಿಯೇ ಇರಬೇಕೆಂದು ದೂರದ ಅಧಿಕಾರಿಗಳು ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸರಕಾರಿ ಶಾಲೆಗಳು ಮರಾಠಿಯಲ್ಲಿ ತೆರೆದವು. ಧಾರವಾಡದಲ್ಲಿ ವಾಲ್ಟರ್ ಎಲಿಯಟ್ ಅವರಂಥ ಕೆಲವರು ಕನ್ನಡ ಶಾಲೆಗೆ ಮುಂದಾದದ್ದು ಉಂಟು. ಆದರೆ ಒಟ್ಟು ನೋಟ ಬದಲಾಗಲು ಇನ್ನೂ ಮೂರು ದಶಕ ಬೇಕಾಯಿತು.

ಊರಿನಲ್ಲಿ ಕನ್ನಡ ಓದು ಇರಲೇ ಇಲ್ಲವೆಂದಲ್ಲ. ಐಗಳ ಮಠಗಳು ಇದ್ದವು. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಓನಾಮ ತಿದ್ದುತ್ತಿದ್ದರು, ಮಗ್ಗಿ ಹೇಳುತ್ತಿದ್ದರು, ಪುರಾಣ ಓದುತ್ತಿದ್ದರು. ಮಠ ಎಂದರೆ ನಮ್ಮ ಕಡೆ ಆಗ ಶಾಲೆಯೇ. ಈ ಮಾತನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಚನ್ನಬಸಪ್ಪ ಧಾರವಾಡದಲ್ಲಿ ಪ್ರಾರಂಭದ ಓದು ಮುಗಿಸಿ, ಇಂಗ್ಲಿಷ್ ಕಲಿಯಬೇಕೆಂಬ ಹಟದಿಂದ ಪುಣೆಗೆ ಹೋದರು. ಮನೆಯವರ ಒಪ್ಪಿಗೆ ಇರಲಿಲ್ಲವೆಂದೂ ನಡೆದೇ ಹೋದರೆಂದೂ ಹೇಳುತ್ತ ಬಂದಿದ್ದಾರೆ. ಆಗ ಈ ಭಾಗಕ್ಕೆ ರೈಲು ಬಂದಿರಲಿಲ್ಲ. ಧಾರವಾಡದಿಂದ ಪುಣೆಗೆ ನಾನೂರು ಕಿಲೋಮೀಟರಿಗೂ ಹೆಚ್ಚು. ಇವತ್ತಿನ ಹೆದ್ದಾರಿ ನಮ್ಮ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಮೇಲೆ ಹಾಯ್ದು ನಿಪ್ಪಾಣಿ, ಕೊಲ್ಲಾಪುರ, ಸಾತಾರಾ ಮಾರ್ಗವಾಗಿ ಹೋಗುತ್ತದೆ. ಬಸ್ಸಿನಲ್ಲಿ ಹೋಗುವವರಿಗೆ ಭಾಷೆ ಬದಲಾಗುವುದು ಅಂಗಡಿಯ ಬೋರ್ಡಿನಲ್ಲಿ ಕಾಣುತ್ತದೆ. ಕಾಲ್ನಡಿಗೆಯಲ್ಲಿ ಹೋದವರಿಗೆ ಹಾಗಲ್ಲ. ಒಂದೂರಿನಲ್ಲಿ ಕನ್ನಡದೊಳಗೆ ನಾಲ್ಕು ಮರಾಠಿ ಮಾತು, ಮುಂದಿನ ಊರಿನಲ್ಲಿ ಹತ್ತು, ಅದರಾಚೆ ಮರಾಠಿಯೊಳಗೆ ಕನ್ನಡದ ಅಕ್ಕಾ, ಅಣ್ಣಾ. ಗೆರೆ ಎಲ್ಲಿಯೂ ಸಿಕ್ಕುವುದಿಲ್ಲ. ಗಡಿಯನ್ನು ನಕಾಶೆಯಲ್ಲಿ ನೋಡಿದವರಿಗೂ ಕಾಲಿನಿಂದ ದಾಟಿದವರಿಗೂ ಭಾಷೆಯ ತಿಳಿವಳಿಕೆ ಒಂದೇ ಆಗಿರಲಾರದು ಎಂದು ನನಗೆ ಅನ್ನಿಸುತ್ತದೆ.

ಪುಣೆಯಲ್ಲಿ ಅವರು ಇಂಗ್ಲಿಷ್ ಕಲಿತರು, ಮರಾಠಿಯ ನಡುವೆ ಬದುಕಿದರು. ಮುಂದೆ ಮರಾಠಿ ಶಾಲೆಗಳ ಜಾಗದಲ್ಲಿ ಕನ್ನಡ ಶಾಲೆ ತಂದ ಮನುಷ್ಯ ಮರಾಠಿ ಗೊತ್ತಿಲ್ಲದೆ ಹಾಗೆ ಮಾಡಿದವರಲ್ಲ. ಪುಣೆಯ ಮಗು ತನ್ನ ಮನೆಯ ಮಾತಿನಲ್ಲಿ ಓದುವುದನ್ನು ಕಣ್ಣಾರೆ ಕಂಡು ಬಂದವರು.

ಅವರು ಊರಿಗೆ ಮರಳಿದ ಹೊತ್ತಿಗೆ ಕಾಲ ಅನುಕೂಲವಾಗಿತ್ತು. 1854ರ ವುಡ್ಸ್ ಡಿಸ್ಪ್ಯಾಚ್ ಬಗ್ಗೆ ನಾವೆಲ್ಲ ಪರೀಕ್ಷೆಗೆ ಓದುತ್ತೇವೆ. ಅಂಕಕ್ಕಾಗಿ ಬರೆದು ಮರೆಯುತ್ತೇವೆ. ಸಾಮಾನ್ಯ ಜನರಿಗೆ ಅವರ ದೇಶಭಾಷೆಯಲ್ಲಿ ಶಿಕ್ಷಣ ಎಂಬ ನೀತಿ ಅದರಲ್ಲಿತ್ತು. ಮರುವರ್ಷ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಇಲಾಖೆ ಶುರುವಾಯಿತು. ನೀತಿ ಕಾಗದದ ಮೇಲೆ ಬಂದರೂ ಬೆಳಗಾವಿ ಜಿಲ್ಲೆಯ ಮಗುವಿನ ದೇಶಭಾಷೆ ಯಾವುದು ಎಂದು ಹೇಳುವವರು ಬೇಕಿತ್ತು. ದಕ್ಷಿಣ ವಿಭಾಗದ ಇನ್ಸ್‌ಪೆಕ್ಟರಾಗಿದ್ದ ರಸೆಲ್ ಅವರು ಕನ್ನಡದ ಪರವಾಗಿದ್ದರು. ಚನ್ನಬಸಪ್ಪ ಅವರ ಕೈಕೆಳಗೆ ಮೊದಲು ನಾರ್ಮಲ್ ಶಾಲೆಯ ಮುಖ್ಯೋಪಾಧ್ಯಾಯರಾದರು, ನಂತರ ಡೆಪ್ಯುಟಿಯಾದರು.

ನಾರ್ಮಲ್ ಶಾಲೆ ಎಂದರೆ ಶಿಕ್ಷಕರ ತರಬೇತಿ ಶಾಲೆ. ನಮ್ಮಂಥ ಕಾಲೇಜುಗಳ ಪೂರ್ವಜ. ನನಗೆ ಅವರ ಬದುಕಿನಲ್ಲಿ ಬಹಳ ಮುಖ್ಯವಾಗಿ ಕಾಣುವುದು ಇದೇ ಕ್ರಮ. ಕನ್ನಡ ಶಾಲೆ ತೆರೆಯಬೇಕೆಂದು ಆಜ್ಞೆ ಹೊರಡಿಸುವುದು ಸುಲಭ. ಮರುದಿನ ಆ ಶಾಲೆಯಲ್ಲಿ ನಿಂತು ಕನ್ನಡದಲ್ಲಿ ಲೆಕ್ಕ, ಭೂಗೋಲ ಹೇಳುವವರು ಯಾರು? ಇದ್ದ ಮಾಸ್ತರರು ಮರಾಠಿಯಲ್ಲಿ ಕಲಿತವರು, ಮರಾಠಿಯಲ್ಲಿ ಕಲಿಸಿ ರೂಢಿಯಾದವರು. ಅವರಲ್ಲಿ ಬಹಳ ಜನರ ಮನೆಮಾತು ಕನ್ನಡವೇ ಇದ್ದರೂ ಕನ್ನಡದಲ್ಲಿ ಬರೆಯಲು ಕೈ ತಿರುಗಿರಲಿಲ್ಲ. ಹೀಗಾಗಿ ಶಿಕ್ಷಕರನ್ನು ಮೊದಲು ಸಿದ್ಧಮಾಡಿ ಶಾಲೆಯನ್ನು ಆಮೇಲೆ ಬದಲಿಸಬೇಕಾಯಿತು.

ಎರಡನೆಯ ತೊಡಕು ಪುಸ್ತಕದ್ದು. ಮರಾಠಿಯಲ್ಲಿ ಶಾಲಾಪುಸ್ತಕಗಳು ಸಿದ್ಧವಾಗಿದ್ದವು. ಕನ್ನಡದಲ್ಲಿ ಹಳೆಯ ಕಾವ್ಯ ಬೇಕಾದಷ್ಟು ಇತ್ತು. ಏಳು ವರ್ಷದ ಮಗುವಿಗೆ ಮಳೆ ಹೇಗೆ ಬರುತ್ತದೆ ಎಂದು ಹೇಳುವ ಗದ್ಯ ಇರಲಿಲ್ಲ. ಆದ್ದರಿಂದ ಮರಾಠಿ ಪುಸ್ತಕಗಳನ್ನೇ ಕನ್ನಡಕ್ಕೆ ತಿರುಗಿಸಿದರು. ತುರಮರಿ ಗಂಗಾಧರ ಮಡಿವಾಳೇಶ್ವರ, ವೆಂಕಟ ರಂಗೋ ಕಟ್ಟಿ ಮುಂತಾದವರು ಇಲಾಖೆಯ ಸುತ್ತ ಸೇರಿ ಬರೆದ ಕಾಲ ಅದು. ಖಡು, ಇಯತ್ತೆಗಳು ನಮ್ಮ ಶಾಲೆಯಲ್ಲಿ ಯಾಕೆ ಉಳಿದವು ಎಂಬುದಕ್ಕೆ ಕಾರಣ ಇಲ್ಲಿದೆ ಎಂದು ನಾನು ಭಾವಿಸುತ್ತೇನೆ. ಶಾಲೆಯ ಪಾಠ ಕನ್ನಡವಾಯಿತು. ಆದರೆ ಶಾಲೆ ಎಂಬ ವ್ಯವಸ್ಥೆ ಮರಾಠಿಯಲ್ಲಿ ಹುಟ್ಟಿ ಬಂದಿತ್ತು. ಅದರ ಸಾಮಾನು, ಅದರ ಸಮಯ, ಅದರ ರಜೆ, ಎಲ್ಲಕ್ಕೂ ಮೊದಲೇ ಹೆಸರಿತ್ತು. ಮಾಸ್ತರರು ಅವನ್ನು ಜೊತೆಗೆ ತಂದರು. ಕನ್ನಡ ಪಕ್ಷದವರೂ ಅವನ್ನು ಹೊರಗೆ ಹಾಕುವ ಗೋಜಿಗೆ ಹೋಗಲಿಲ್ಲ.

ಮೂರನೆಯದು ತಂದೆತಾಯಿಗಳ ಸಂಶಯ. ಇದು ಇವತ್ತಿಗೂ ಹಾಗೇ ಇದೆ, ಭಾಷೆ ಮಾತ್ರ ಬದಲು. ಕಚೇರಿಯಲ್ಲಿ ಮರಾಠಿ ಇರುವಾಗ ಕನ್ನಡ ಕಲಿತ ಹುಡುಗನಿಗೆ ನೌಕರಿ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಸುಳ್ಳಲ್ಲ. ಮನೆಯ ಭಾಷೆಯ ಮೇಲಿನ ಪ್ರೀತಿಯಿಂದಷ್ಟೇ ಯಾರೂ ಮಗನನ್ನು ಶಾಲೆಗೆ ಕಳಿಸುವುದಿಲ್ಲ. ಜಿಲ್ಲೆಯ ಕಚೇರಿಗಳಲ್ಲಿ ಕನ್ನಡ ಬಂದಂತೆ ಕನ್ನಡ ಶಾಲೆಗೂ ಬಲ ಬಂತು. ಶಾಲೆ ಒಂದೇ ಭಾಷೆಯನ್ನು ಉಳಿಸಲಾರದು, ಅದಕ್ಕೆ ಕಚೇರಿಯ ಆಸರೆ ಬೇಕು ಎಂಬುದನ್ನು ಚನ್ನಬಸಪ್ಪನವರ ಕಾಲವೇ ತೋರಿಸಿಕೊಟ್ಟಿದೆ.

ಡೆಪ್ಯುಟಿಯಾಗಿ ಅವರ ಕೆಲಸ ತಿರುಗಾಟದ್ದು. ಈಗಿನ ಮೂಡಲಗಿ ತಾಲ್ಲೂಕು ಆಗ ಇರಲಿಲ್ಲ; ಅದು ತೀರಾ ಇತ್ತೀಚೆಗೆ ಗೋಕಾಕದಿಂದ ಬೇರೆಯಾದದ್ದು. ಹುಕ್ಕೇರಿ ಚಿಕ್ಕೋಡಿ ತಾಲ್ಲೂಕಿನೊಳಗಿತ್ತು. ಘಟಪ್ರಭೆ, ಹಿರಣ್ಯಕೇಶಿ ನದಿಗಳಿಗೆ ಸೇತುವೆ ವಿರಳ. ಮಳೆಗಾಲದಲ್ಲಿ ಆಚೆ ದಂಡೆಯ ಶಾಲೆ ನೋಡಬೇಕಾದರೆ ನೀರು ಇಳಿಯುವವರೆಗೆ ಕಾಯಬೇಕಾದ ಕಾಲ. 1860ರ ದಶಕದಲ್ಲಿ ಬೆಳಗಾವಿ ಜಿಲ್ಲೆಯ ಕನ್ನಡ ಮಾತಾಡುವ ಊರುಗಳಲ್ಲಿ ಮರಾಠಿ ಶಾಲೆಗಳು ಒಂದೊಂದಾಗಿ ಕನ್ನಡ ಶಾಲೆಗಳಾದವು. ಹೊಸವೂ ತೆರೆದವು. ಅಧಿಕಾರದ ಬಲ ಇದರ ಹಿಂದೆ ಇತ್ತೆಂಬುದನ್ನು ಮುಚ್ಚಿಡಬೇಕಿಲ್ಲ. ಇಷ್ಟವಿಲ್ಲದ ಮಾಸ್ತರರೂ ಕನ್ನಡ ಕಲಿಯಬೇಕಾಯಿತು. ಆದರೆ ಆ ಬಲ ಬಿದ್ದದ್ದು ಮಾಸ್ತರರ ಮೇಲೆ, ಮಕ್ಕಳ ಮೇಲಲ್ಲ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು ಅದೇ ಕಾಲದ ಬೇರೆ ದೇಶಗಳನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ವೇಲ್ಸ್‌ನ ಹಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಒಂದು ಮರದ ತುಂಡು ಹಾಕುತ್ತಿದ್ದರು. ಆ ಮಗು ಇನ್ನೊಬ್ಬ ಮಗು ವೆಲ್ಷ್ ಆಡುವುದನ್ನು ಹಿಡಿದುಕೊಟ್ಟು ಅದನ್ನು ದಾಟಿಸಬೇಕು. ಸಂಜೆಗೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಏಟು. ಫ್ರಾನ್ಸಿನ ಬ್ರಿಟನಿಯಲ್ಲಿ ಬ್ರೆಟನ್ ಆಡುವ ಮಕ್ಕಳಿಗೂ ಇಂಥದೇ ಗತಿ. ಫ್ರಾನ್ಸ್ 1881ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮಾಡಿತು. ಆ ಉಚಿತ ಶಾಲೆಯ ಭಾಷೆ ಫ್ರೆಂಚ್ ಮಾತ್ರ. ಅಂದರೆ ಮುಂದುವರಿದ ದೇಶಗಳೆನಿಸಿಕೊಂಡವು ಮಕ್ಕಳ ಮನೆಮಾತನ್ನು ಶಾಲೆಯಿಂದ ಹೊರಗೆ ಹಾಕುತ್ತಿದ್ದ ಕಾಲದಲ್ಲಿ ಬೆಳಗಾವಿಯ ಒಬ್ಬ ಡೆಪ್ಯುಟಿ ಅದನ್ನು ಒಳಗೆ ತರುತ್ತಿದ್ದರು. ಮೊದಲ ಕಲಿಕೆಗೆ ಮಾತೃಭಾಷೆಯೇ ತಕ್ಕದ್ದೆಂದು ಯುನೆಸ್ಕೋ ವರದಿ ಹೇಳಿದ್ದು 1953ರಲ್ಲಿ.

1865ರಲ್ಲಿ ಬೆಳಗಾವಿಯಿಂದ ಶಿಕ್ಷಕರಿಗಾಗಿ ಒಂದು ಮಾಸಪತ್ರಿಕೆ ಶುರುವಾಯಿತು. ಅದನ್ನು ನಡೆಸುವ ಹೊಣೆ ಚನ್ನಬಸಪ್ಪನವರದು. ಹೆಸರು ಮಠಪತ್ರಿಕೆ. ಇವತ್ತು ಈ ಹೆಸರು ಕೇಳಿದವರು ಯಾವುದೋ ಸ್ವಾಮಿಗಳ ಮಠದ ಪತ್ರಿಕೆ ಇರಬೇಕೆಂದು ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಆದರೆ ಮಠ ಎಂದರೆ ಶಾಲೆ ಎಂದು ಹಿಂದೆ ಹೇಳಿದೆನಲ್ಲ, ಇದು ಶಾಲೆಯ ಪತ್ರಿಕೆಯೇ. ಮರಾಠಿ ಶಾಲೆಯ ಎದುರು ನಿಂತ ಕನ್ನಡ ಶಾಲೆ ತನ್ನ ಪತ್ರಿಕೆಗೆ ಹೆಸರನ್ನು ಐಗಳ ಮಠದಿಂದ ಪಡೆಯಿತು. ಮುಂದೆ ಅದೇ ಪತ್ರಿಕೆ ಶಾಲಾಪತ್ರಿಕೆಯಾಯಿತು, ಆಮೇಲೆ ಧಾರವಾಡದಿಂದ ಹೊರಡುವ ಜೀವನ ಶಿಕ್ಷಣವಾಯಿತು. ನಮ್ಮ ಗ್ರಂಥಾಲಯದಲ್ಲಿ ಜೀವನ ಶಿಕ್ಷಣದ ಸಂಚಿಕೆ ತಿರುವಿಹಾಕುವಾಗ ಅದರ ಬೇರು 1865ಕ್ಕೆ ಹೋಗುತ್ತದೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿರಲಿಲ್ಲ.

ಅವರು ಶೇಕ್ಸ್‌ಪಿಯರನ ಕಾಮೆಡಿ ಆಫ್ ಎರರ್ಸ್ ನಾಟಕವನ್ನೂ ಕನ್ನಡಕ್ಕೆ ತಂದರು. 1871ರಲ್ಲಿ ಹೊರಬಂದ ಆ ಪುಸ್ತಕದ ಹೆಸರು ನಗದವರನ್ನು ನಗಿಸುವ ಕಥೆ. ಶೇಕ್ಸ್‌ಪಿಯರ್ ಕನ್ನಡಕ್ಕೆ ಬಂದ ಮೊದಮೊದಲ ಪುಸ್ತಕಗಳಲ್ಲಿ ಇದೊಂದು. ಇದನ್ನು ಪಂಡಿತರ ಹವ್ಯಾಸವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಶೇಕ್ಸ್‌ಪಿಯರನ ದುರಂತ ನಾಟಕಗಳನ್ನು ಬಿಟ್ಟು, ಒಂದೇ ಮುಖದ ಅವಳಿಗಳು ಊರೆಲ್ಲ ಗೊಂದಲ ಎಬ್ಬಿಸುವ ಕಥೆಯನ್ನು ಆರಿಸಿದ್ದಾರೆ. ನಾಟಕವನ್ನು ಕಥೆಯಾಗಿ ಮಾಡಿದ್ದಾರೆ. ಹೊಸದಾಗಿ ಓದು ಕಲಿತವನು ಮನೆಯಲ್ಲಿ ಕುಳಿತು ಓದಲು ಏನಾದರೂ ಬೇಕಲ್ಲ? ಅವಳಿಗಳ ಆ ಕಥೆ ರೋಮಿನ ಪ್ಲಾಟಸ್‌ನಿಂದ ಇಂಗ್ಲೆಂಡಿಗೆ, ಅಲ್ಲಿಂದ ಕನ್ನಡಕ್ಕೆ ಬಂದದ್ದು. ಖಡುವಿನಂತೆಯೇ ಕಥೆಯೂ ಊರೂರು ದಾಟಿ ಬರುತ್ತದೆ.

ಚನ್ನಬಸಪ್ಪನವರು 1881ರಲ್ಲಿ ತೀರಿಕೊಂಡರು. ಐವತ್ತು ಇನ್ನೂ ತುಂಬಿರಲಿಲ್ಲ. ಎರಡು ವರ್ಷಗಳ ನಂತರ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದವು. ಅವರು ತಯಾರಿಸಿದ ಮಾಸ್ತರರ ಕೈಯಲ್ಲಿ ಕಲಿತ ತಲೆಮಾರು ಆಗಲೇ ದೊಡ್ಡದಾಗಿತ್ತು.

ನಮ್ಮ ಮೂರು ತಾಲ್ಲೂಕುಗಳ ಮಟ್ಟಿಗೆ ಫಲ ಕಾಣಲು ಇನ್ನಷ್ಟು ಕಾಲ ಹಿಡಿಯಿತು. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಕೃಷ್ಣಶರ್ಮರು ಹುಟ್ಟಿದರು. ಆನಂದಕಂದ ಎಂಬ ಹೆಸರಿನಲ್ಲಿ ಈ ಸೀಮೆಯ ಆಡುಮಾತಿನಲ್ಲೇ ಹಾಡು ಕಟ್ಟಿದರು. ಅದೇ ತಾಲ್ಲೂಕಿನ ಮಲಾಮರಡಿಯವರು ಕಾದಂಬರಿಕಾರ ಬಸವರಾಜ ಕಟ್ಟೀಮನಿ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ತಮ್ಮ ಊರಿನ ಮಾತನ್ನು ರಂಗಭೂಮಿಗೆ ಏರಿಸಿದರು. ಆಡುಮಾತಿಗೆ ಸಾಹಿತ್ಯದ ಮರ್ಯಾದೆ ಸಿಗಬೇಕಾದರೆ ಮೊದಲು ಆ ಭಾಷೆಗೆ ಶಾಲೆ ಸಿಗಬೇಕಿತ್ತು. (ನಮ್ಮ ಹುಡುಗರು ಗೋಕಾಕ ಚಳವಳಿ ಗೋಕಾಕದಲ್ಲೇ ನಡೆಯಿತೆಂದು ತಿಳಿಯುತ್ತಾರೆ. ಅದು ವಿ. ಕೃ. ಗೋಕಾಕರ ಸಮಿತಿಯ ವರದಿಯಿಂದ ಬಂದ ಹೆಸರು; ಅವರು ಹುಟ್ಟಿದ್ದು ಸವಣೂರಿನಲ್ಲಿ. ಆದರೂ ಶಾಲೆಯ ಭಾಷೆಯ ಜಗಳಕ್ಕೆ ನಮ್ಮ ಊರಿನ ಹೆಸರೇ ಅಂಟಿಕೊಂಡದ್ದು ಒಂದು ವಿಚಿತ್ರ.)

ಈಗ ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಮನೆಯ ಮಾತಿನಲ್ಲಿ ಮಗು ಬೇಗ ಕಲಿಯುತ್ತದೆ ಎಂಬ ನಂಬಿಕೆ ಚನ್ನಬಸಪ್ಪನವರ ಇಡೀ ಕೆಲಸದ ತಳಹದಿ. ಆ ನಂಬಿಕೆ ಕನ್ನಡದ ಮಗುವಿಗೆ ಮಾತ್ರ ಸಲ್ಲುವಂಥದ್ದಲ್ಲ. ನಾನು ಬೋಧನಾಭ್ಯಾಸ ಮಾಡಿದ ಕನ್ನಡ ಮಾಧ್ಯಮದ ಎಂಟನೆಯ ತರಗತಿಯಲ್ಲಿ ಮನೆಯಲ್ಲಿ ಮರಾಠಿ ಆಡುವವರಿದ್ದರು, ದಖನಿ ಉರ್ದು ಆಡುವವರಿದ್ದರು. ಪ್ರಶ್ನೆ ಕೇಳಿದಾಗ ಅವರು ಸುಮ್ಮನಿದ್ದರೆ ಉತ್ತರ ಬಾರದೆಂದು ನಾನು ಗುರುತು ಹಾಕಿಕೊಳ್ಳುತ್ತಿದ್ದೆ. ಬೆಳಗಾವಿಯ ಮರಾಠಿ ಶಾಲೆಯಲ್ಲಿ ಸುಮ್ಮನೆ ಕುಳಿತಿದ್ದ ಕನ್ನಡ ಹುಡುಗನಿಗೂ ಆ ಕಾಲದ ಮಾಸ್ತರ ಹೀಗೇ ಗುರುತು ಹಾಕಿರಬಹುದು.

ಆಮೇಲಿನ ಒಂದು ಪಾಠ ಬಾಷ್ಪವಿಸರ್ಜನೆಯದು. ಕುಂಡದಲ್ಲಿದ್ದ ಗಿಡದ ಟೊಂಗೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಬಿಸಿಲಿಗಿಟ್ಟೆವು. ಒಳಗೆ ಹನಿಗಳು ಕಂಡವು. ಪದ ಹೇಳುವ ಮೊದಲು, ಇದಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ ಎಂದು ಕೇಳಿದೆ. ಕನ್ನಡದ ಹುಡುಗಿಯೊಬ್ಬಳು ಗಿಡ ಬೆವರುತ್ತದೆ ಎಂದಳು. ಇನ್ನೊಬ್ಬ ಉಗಿ ಎಂದ. ಮರಾಠಿ ಮನೆಯ ಹುಡುಗ ವಾಫ ಎಂದ. ದಖನಿ ಆಡುವ ಹುಡುಗಿ ಮೆಲ್ಲಗೆ ಭಾಪ್ ಎಂದಳು. ಎಲ್ಲವನ್ನೂ ಹಲಗೆಯ ಮೇಲೆ ಬರೆದು ಕೆಳಗೆ ಬಾಷ್ಪ ಎಂದು ಬರೆದಾಗ ನನಗೇ ಹೊಳೆಯಿತು: ವಾಫ, ಭಾಪ್ ಎರಡೂ ಸಂಸ್ಕೃತದ ಬಾಷ್ಪದಿಂದಲೇ ಸವೆದು ಬಂದವು. ಕನ್ನಡದ ಮಕ್ಕಳಿಗೆ ಕಬ್ಬಿಣದ ಕಡಲೆಯಾಗಿದ್ದ ಪಠ್ಯದ ಪದ ಆ ಇಬ್ಬರ ಮನೆಯ ಮಾತಿಗೇ ಹತ್ತಿರದ್ದು. ಅಂದು ಪದವನ್ನು ಉಳಿದವರಿಗೆ ಬಿಡಿಸಿ ಹೇಳಿದವರು ಅವರಿಬ್ಬರು. ನನ್ನ ಪಾಠಯೋಜನೆಯಲ್ಲಿ ಆ ಹಂತ ಇರಲಿಲ್ಲ; ಸಂಜೆ ವಹಿ ಒಪ್ಪಿಸುವ ಮೊದಲು ಸೇರಿಸಿದೆ. ಬೋಧನೋಪಕರಣಗಳ ಅಂಕಣದಲ್ಲಿ ಈ ಸಲ ಖಡು ಎಂದೇ ಬರೆದಿದ್ದೆ.